ಸುಮ್ಮನಿದ್ದರೆ ಸತ್ತುಹೋಗುವ ಫೋನು

“ಹಲೋ, ಹಲೋ! ಕೇಳಿಸ್ತಿದೆಯಾ?”

“ಚೆನ್ನಾಗಿ ಕೇಳಿಸ್ತಿದೆ ಕಣಪ್ಪ. ಕಿವಿ ತೂತಾಗೋ ಹಾಗೆ ಕೂಗ್ಬೇಡ,” ಎಂದಿತು ಆ ತುದಿಯ ನರ್ಸಿನ ದನಿ.

ರಿಪೇರಿಯವನು ರಿಸೀವರ್ ಇಟ್ಟು ಹೊಲಿಗೆಕೋಣೆಯ ಅಕ್ಕನ ಕಡೆ ತಿರುಗಿದ. ಆಸ್ಪತ್ರೆಯ ಹರಿದ ಹೊದಿಕೆಗಳಿಗೆ ತೇಪೆ ಹಾಕುವುದು ಅವಳ ಕೆಲಸ. ಹೋದಲ್ಲೆಲ್ಲ ಹೀಗೆ ಕೂಗುವ ಅವನಿಗೆ ಅಲ್ಲಿಯವರು ಹಲೋಪ್ಪ ಎಂದು ಹೆಸರಿಟ್ಟಿದ್ದರು.

“ನೋಡಿ ಅಕ್ಕಾ, ಫೋನು ಸರಿ ಇದೆ. ಯಂತ್ರದ ಕೋಣೆಗೆ ಹೊಸದಾಗಿ ಬಂದಿರೋ ರೌಟರ್ ಪೆಟ್ಟಿಗೆಯಲ್ಲಿ ದನಿ ಸಾಗಿಸೋ ಕಾರ್ಡು ಎರರ್ ತೋರಿಸ್ತಿತ್ತು, ಅದನ್ನೂ ಬದಲಾಯಿಸಿದೀನಿ. ಈಗ ದೀಪವೆಲ್ಲ ಹಸಿರು.”

“ನಿನ್ನ ದೀಪ ಹಸಿರಾದ್ರೆ ನನಗೇನಪ್ಪ? ಮಾತಾಡಿದ್ರೆ ಸರಿ ಇರುತ್ತೆ. ಸುಮ್ಮನಿದ್ರೆ ಸತ್ತುಹೋಗುತ್ತೆ.”

“ಸುಮ್ಮನಿರೋದಕ್ಕೆ ಯಾರಾದ್ರೂ ಫೋನ್ ಮಾಡ್ತಾರಾ?” ಅವನು ನಕ್ಕ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. “ಆ ಕಡೆ ಇರೋನು ನನ್ನ ತಮ್ಮ. ತಲೆಗೆ ಏಟಾದ ಮೇಲೆ ಅವನಿಗೆ ಮಾತಿಲ್ಲ. ನಮ್ಮ ಆಸ್ಪತ್ರೆಯದೇ ದೂರದ ಶಾಖೆಯಲ್ಲಿ ಮಲಗಿದಾನೆ. ಊಟದ ಹೊತ್ತಲ್ಲಿ ನರ್ಸಮ್ಮ ಅವನ ಕಿವಿಗೆ ಫೋನ್ ಹಿಡೀತಾಳೆ. ನಾನೊಂದು ಮಾತಾಡ್ತೀನಿ, ಆಮೇಲೆ ಅವನ ಉಸಿರು ಕೇಳ್ತೀನಿ. ನಗು ಬಂದ್ರೆ ಉಸಿರು ತುಂಡುತುಂಡಾಗಿ ಬರೋದು. ಆ ಹೊಸ ಪೆಟ್ಟಿಗೆ ಬಂದಾಗಿಂದ ಏನೂ ಇಲ್ಲ, ಬಾವಿಗೆ ಬಗ್ಗಿ ಮಾತಾಡಿದ ಹಾಗೆ. ಪುಣ್ಯಾತ್ಮ ನನ್ನ ಮಾತು ಸಾಕಾಗಿ ಮುಖ ತಿರುಗಿಸಿದ್ನೋ ಏನೋ. ನಿನ್ನೆ ನಾನು ಫೋನೇ ಮಾಡ್ಲಿಲ್ಲ.”

ಹಲೋಪ್ಪನ ನಗು ಅಲ್ಲೇ ನಿಂತಿತು. ಅವನು ಫೋನನ್ನು ಪರೀಕ್ಷಿಸುತ್ತಿದ್ದುದು ಕೂಗಿಯೇ; ಸುಮ್ಮನಿದ್ದು ಕೇಳಿದ್ದು ನೆನಪಿರಲಿಲ್ಲ.

ಯಂತ್ರದ ಕೋಣೆಗೆ ಮರಳಿ, ರೌಟರ್‌ನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದ. ಮಾತಿಲ್ಲದಾಗ ಏನನ್ನೂ ಕಳಿಸಬೇಡ ಎಂದು ಯಾರೋ ಅದಕ್ಕೆ ಹೇಳಿಟ್ಟಿದ್ದರು. ಪಾಪ, ಯಂತ್ರ ಹೇಳಿದಂತೆ ಕೇಳಿತ್ತು. ಮಾತಲ್ಲದ್ದನ್ನೆಲ್ಲ ಏನೂ ಅಲ್ಲವೆಂದು ಬಗೆದು, ಉಸಿರನ್ನೂ ಅದರ ಜೊತೆಗೇ ಕೈಬಿಟ್ಟಿತ್ತು. ಅವನು ಆ ಕಟ್ಟಳೆಯನ್ನು ತೆಗೆದ. ಶಾಖೆಯ ರೌಟರಿನಲ್ಲೂ ಇಲ್ಲಿಂದಲೇ ತೆಗೆದ.

“ಈಗ ಮಾಡಿ ನೋಡಿ ಅಕ್ಕಾ.”

ಅಕ್ಕ ನಂಬರು ಒತ್ತಿದಳು. ಆ ಕಡೆ ನರ್ಸ್ ಏನೋ ಹೇಳಿದಳು, ಹಾಸಿಗೆ ಕಿರುಗುಟ್ಟಿತು. ಹಲೋಪ್ಪ ಅಭ್ಯಾಸಬಲದಿಂದ ರಿಸೀವರಿನತ್ತ ಬಾಗಿ ಬಾಯಿ ತೆರೆದ. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

ದೇವರ ಮುಂದೆ ನಿಂತವರ ಹಾಗೆ ಇಬ್ಬರೂ ಸುಮ್ಮನಾದರು.

“ಕಳ್ಳ,” ಅಂದಳು ಅಕ್ಕ ಮೆಲ್ಲಗೆ. “ಇಲ್ಲೇ ಇದೀಯಾ ನೀನು.” ಕಣ್ಣೊರೆಸಿಕೊಂಡಳು. “ಕೇಳೋ ಇಲ್ಲಿ, ನಮ್ಮ ಕೋಣೆಗೆ ಒಬ್ಬ ಬಂದಿದಾನೆ. ಅವನ ಹೆಸರೇನು ಗೊತ್ತಾ? ಹಲೋಪ್ಪ!”

ಹೇಳಿ, ರಿಸೀವರನ್ನು ಅವನ ಕಿವಿಗೆ ಹಿಡಿದಳು. ಉಸಿರು ತುಂಡುತುಂಡಾಗಿ ಬರುತ್ತಿತ್ತು.

ಅವನು ತನ್ನ ಚೀಲವನ್ನು ಎತ್ತಿಕೊಂಡ. ಒಳಗಿನ ಇಕ್ಕಳ, ಸ್ಕ್ರೂಡ್ರೈವರುಗಳು ಸದ್ದು ಮಾಡದ ಹಾಗೆ ಒಂದು ಕೈಯಿಂದ ಎದೆಗೆ ಒತ್ತಿ ಹಿಡಿದು, ತುದಿಗಾಲಲ್ಲಿ ಬಾಗಿಲಿನತ್ತ ನಡೆದ.