ಬೀಜದ ಸೋರೆ

ಪೀಚು ಸೋರೆಕಾಯಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ ಎಂಬುದು ಕೊರವಂಗಲದ ಸುತ್ತ ಎಲ್ಲರಿಗೂ ಗೊತ್ತು. ಬಾಗೂರಿನಲ್ಲಿ ಹುಟ್ಟಿದ ನನಗೂ ಗೊತ್ತಿತ್ತು. ಆದರೂ ಮದುವೆಯಾಗಿ ಬಂದ ಹೊಸತರಲ್ಲಿ, ಒಂದು ಪೀಚು ಹಳದಿಯಾಗಿದ್ದನ್ನು ಕಂಡು ಅತ್ತೆಗೆ ಬೆರಳು ಚಾಚಿ ತೋರಿಸಿಬಿಟ್ಟೆ. ಆಮೇಲೆ ಬಿಟ್ಟವೂ ಉದುರಿದವು.

"ನಮ್ಮವ್ವ ಅರಕಲಗೂಡಿಂದ ಕೊಟ್ಟ ಬೀಜ ಕಣಮ್ಮಿ," ಅಂದರು ಅತ್ತೆ ಜಯಲಕ್ಷ್ಮಮ್ಮ. "ಇದ್ದುದ್ನೆಲ್ಲ ಊರ್ಬುಟ್ಟಿವ್ನಿ. ಒಂದ್ ಕಾಯಾದ್ರೂ ಬಲೀದಿದ್ರೆ ಬೀಜದ ಕುಲವೇ ಓಯ್ತು. ಇನ್ಮ್ಯಾಕೆ ಹಿತ್ಲಿಗೆ ಕಾಲಿಟ್ಯೋ, ನೋಡು!"

ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತದೆ. ನಾನು ನೋಡುತ್ತಲೇ ಇದ್ದೆ. ಸೋರೆಯ ಬಿಳಿ ಹೂ ಅರಳುವುದು ಸಂಜೆಗೆ. ನಮ್ಮೂರಲ್ಲಿ ಆ ಹೊತ್ತಿಗೆ ಪತಂಗಗಳು ಬರುತ್ತಿದ್ದವು: ಒಣಗಿದ ಎಲೆಯಂಥವು, ಗರಿಕೆ ಬಣ್ಣದವು, ದಾರದಷ್ಟು ಉದ್ದದ ನಾಲಿಗೆಯನ್ನು ಗಂಡು ಹೂವಿಗಿಳಿಸಿ ಅಲ್ಲಿಂದ ಹೆಣ್ಣು ಹೂವಿಗೆ ಹಾರುವ ದೊಡ್ಡವು. ಇಲ್ಲಿ ಒಂದೂ ಇಲ್ಲ. ನನ್ನ ಗಂಡ ದಿಲೀಪ್ ಹಳೇ ಬೇಲಿಯನ್ನು ಜೆಸಿಬಿಯಲ್ಲಿ ಕೀಳಿಸಿ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದರು. ಶುಂಠಿಯವರು ಬಿಡದೆ ಔಷಧಿ ಹೊಡೆದರು, ಕಾವಲಿಗೆಂದು ಸುತ್ತ ಬಿಳಿ ದೀಪ ಹಾಕಿದರು. ಮಳೆಯೂ ಹೊತ್ತು ತಪ್ಪಿ ಬೇಸಿಗೆಯಲ್ಲೇ ಸುರಿಯಿತು, ಸುರಿಯಬೇಕಾದಾಗ ಬಿಸಿಲು ಕಾಯಿತು. ಮೊದಲು ದೀಪದ ಕಂಬದಡಿ ಸತ್ತ ಪತಂಗಗಳನ್ನು ಗುಡಿಸಿ ಹಾಕುತ್ತಿದ್ದರು. ಈಗ ಗುಡಿಸಲೂ ಏನೂ ಬೀಳುವುದಿಲ್ಲ.

"ದೀಪದ್ ಹುಳ ಇಲ್ದೆ ಸೋರೆ ಕಾಯ್ ಕಚ್ಚಲ್ಲ," ಎಂದು ಒಮ್ಮೆ ಮೆಲ್ಲಗೆ ಹೇಳಿದೆ.

ದಿಲೀಪ್ ನಕ್ಕರು. "ಅವ್ವಾ, ಕೇಳುಸ್ತಾ? ಒಂಬತ್ನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು ಹೂವಿಗೆ ಪಾಠ ಏಳ್ತಾವ್ಳೆ. ಹುಳ ಬತ್ತವೆ ಅಂತ್ಲೇ ಬೇಲಿ ಕೀಳ್ಸಿದ್ದು ಕಣೇ. ನೀನೀಗ ವೀಳ್ಯ ಕೊಟ್ಟು ಕರೀತೀಯಾ?"

"ತಾನ್ ಮಾಡಿದ್ ತಪ್ನ ಹುಳದ್ ತಲೆಗ್ ಕಟ್ತಾಳೆ," ಅಂದರು ಅತ್ತೆ.

ಒಂದು ಸಂಜೆ ಅತ್ತೆ ಡೈರಿಗೆ ಹಾಲು ಹಾಕಲು ಹೋದಾಗ ಹಿತ್ತಲಿಗೆ ನುಗ್ಗಿದೆ. ಬಳ್ಳಿ ಆಗಲೇ ಬುಡದಿಂದ ಒಣಗುತ್ತಿತ್ತು. ಉಳಿದಿದ್ದು ಒಂದೇ ಹೆಣ್ಣು ಹೂ. ಗಂಡು ಹೂ ಕಿತ್ತು, ಪತಂಗ ಮಾಡುತ್ತಿದ್ದ ಕೆಲಸವನ್ನು ನಾನೇ ಮಾಡಿದೆ.

ಕಾಯಿ ನಿಂತಿತು. ಮೊಳದುದ್ದ ಆಯಿತು.

ಅತ್ತೆ ಪಕ್ಕದ ಮನೆಯ ಹೊನ್ನಕ್ಕನನ್ನು ಗೋಡೆಯಾಚೆಯಿಂದ ಕೂಗಿ ತೋರಿಸಿದರು. "ಸೊಸೇನ ಹಿತ್ಲಿಂದ ಆಚೆಗಿಟ್ಟೆ. ನೋಡು, ಎಂಗ್ ನಿಂತದೆ!"

ನನಗೆ ತಡೆಯಲಾಗಲಿಲ್ಲ. "ಅದ್ನ ನಿಲ್ಸಿದ್ದು ನಾನು ಅತ್ತೆ. ನೀವು ಡೈರಿಗೋದಾಗ ಗಂಡು ಹೂ ತಂದು ಮುಟ್ಸಿದ್ದೆ."

ಹೊನ್ನಕ್ಕ ಗೋಡೆ ಹಿಡಿದುಕೊಂಡು ನಕ್ಕರು. "ಅಂಗಾರೆ ಇದು ನಿನ್ ಸೊಸೆ ಎತ್ತ ಕಾಯಿ ಬುಡು, ಜಯಕ್ಕ!"

ಅತ್ತೆಯ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಕುಡುಗೋಲು ತಂದರು.

"ಬ್ಯಾಡಿ ಅತ್ತೆ, ಬೀಜಕ್ಕೆ ಇದೊಂದೇ ಇರೋದು."

"ನಮ್ಮವ್ವನ್ ಬೀಜ ನಿನ್ ಕೈಯಾಗ್ ಉಟ್ಬೇಕಾಗಿಲ್ಲ."

ಕೊಯ್ದು, ಹೆಚ್ಚಿ, ಒಳಗಿನ ಎಳೇ ಬೀಜಗಳನ್ನು ತಿರುಳಿನ ಸಮೇತ ಕೆರೆದು ಹಸುವಿನ ಬಾನಿಗೆ ಹಾಕಿದರು. ಮಧ್ಯಾಹ್ನ ಮುದ್ದೆಗೆ ಅದರದ್ದೇ ಸಾರು. ದಿಲೀಪ್ ಚೆನ್ನಾಗಿದೆ ಅಂದರು. ಅತ್ತೆ ಎರಡು ಸಲ ಬಡಿಸಿಕೊಂಡರು.