ಒಂದು ತುಂಡು ಸಕ್ಕರೆ, ಒಂದು ಹೆಸರು

"ಹಿಡ್ಕೊಳ್ಳೋ ಮಾರಾಯ, ಸೊಂಟ ಬಿತ್ತು!" ಎನ್ನುತ್ತ ಪಕ್ಕದ ಮನೆಯ ಓಲ್ದಾ ಸ್ಟೀಲಿನ ಪೀಪಾಯಿಯನ್ನು ಹಿತ್ತಲ ಕೋಣೆಯ ನೆಲಕ್ಕೆ ಧಡ್ಡನೆ ಇಳಿಸಿದ. ಕಿಟಕಿಯಿಂದ ಬಂದ ಮಾರ್ಚಿನ ಎಳೆಬಿಸಿಲು ಅದರ ಹೊಟ್ಟೆಯ ಮೇಲೆ ಹರಡಿಕೊಂಡಿತು. ಬೆಂಚಿನ ಮೇಲಿನ ಬಿಳಿ ಡ್ರಮ್ಮಿನಲ್ಲಿ ವೆಂಡೆಲಿನ್ ಕೈಯಾರೆ ಕಾಯಿಸಿದ ಬಿಯರು ಮೂರು ವಾರ ಗುಳುಗುಳು ಎಂದು ಗೊಣಗಿ, ಈಗ ತಿಳಿಯಾಗಿ, ಸುಮ್ಮನೆ ಕೂತಿತ್ತು. ಕೋಣೆಯಲ್ಲೆಲ್ಲ ಬ್ರೆಡ್ಡಿನ ಹಿಟ್ಟು ಉಬ್ಬಿದ ವಾಸನೆ.

"ಬಿಯರಂಗಡಿ ಮುಚ್ಚಿದ್ಮೇಲೆ ಇದು ನಮ್ಮ ಕೊಟ್ಟಿಗೇಲಿ ಬಿದ್ದಿತ್ತು," ಎಂದ ಓಲ್ದಾ. "ಸುರಿ, ಮುಚ್ಚು, ಗ್ಯಾಸ್ ಹಿಡಿಸು. ಆಯ್ತಲ್ಲ! ಬಾಟ್ಲಿ ತೊಳೆಯೋ ಗೋಳು ಇವತ್ತಿಗೆ ತೀರ್ತು."

"ಯಾರ್ಮಿಲಾಗೆ ಬಲಗೈ ಸರಿಯಿಲ್ಲ ನೋಡು, ಅದಕ್ಕೇ," ಎಂದ ವೆಂಡೆಲಿನ್. ಅದು ಸುಳ್ಳು. ಪೂರಾ ಸುಳ್ಳಲ್ಲದಿದ್ದರೂ ಸುಳ್ಳೇ.

ಆ ಮನೆಯಲ್ಲಿ ಬಿಯರು ಬಾಟಲಿಗಿಳಿಯುವ ಕ್ರಮವೇ ಬೇರೆ. ಬಾಟಲಿಯೊಳಗೆ ನೊರೆ ಹುಟ್ಟಲೆಂದು ಒಂದೊಂದಕ್ಕೂ ಒಂದೊಂದು ಚೌಕದ ಸಕ್ಕರೆ ತುಂಡು ಹಾಕಬೇಕು. ಹಾಕುವವಳು ಅವನ ಹೆಂಡತಿ ಯಾರ್ಮಿಲಾ. ಮದುವೆಯಾದ ವರ್ಷ ಮಾತಿನ ಭರದಲ್ಲಿ ಅವಳು ಕೆಲವಕ್ಕೆ ಎರಡೆರಡು ಹಾಕಿ, ನೆಲಮಾಳಿಗೆಯಲ್ಲಿ ಬಾಟಲಿಗಳು ಪಟಾಕಿಯ ಹಾಗೆ ಸಿಡಿದಿದ್ದವು. ಅಂದಿನಿಂದ ತುಂಡು ಹಾಕುವಾಗ ಒಂದು ಹೆಸರು ಹೇಳುವುದೆಂದಾಯಿತು. ಹೆಸರು ಬಿದ್ದ ಬಾಟಲಿಗೆ ಮತ್ತೆ ಸಕ್ಕರೆ ಬೀಳುವುದಿಲ್ಲ. ಯಾರ ಹೆಸರೋ ಅವರಿಗೇ ಆ ಬಾಟಲಿ. ಮೂವತ್ತೆಂಟು ಬಾಟಲಿ, ಮೂವತ್ತೆಂಟು ಹೆಸರು. ಮೊದಲನೆಯದು ಯಾವಾಗಲೂ ಗಂಡನ ಮುದ್ದಿನ ಹೆಸರು, "ವೆಂಡಾ".

ನವೆಂಬರಿನಲ್ಲಿ ಅವಳಿಗೆ ಲಕ್ವ ಹೊಡೆಯಿತು. ಕಾಲು ಬಂತು, ಕೈ ಅರ್ಧ ಬಂತು, ಮಾತೂ ಬಂತು. ಹೆಸರುಗಳು ಮಾತ್ರ ವಾಪಸು ಬರಲಿಲ್ಲ. ಚಮಚಕ್ಕೂ "ಅದು", ಬೆಕ್ಕಿಗೂ "ಅದು", ಗಂಡನಿಗೆ "ಏ, ಇಲ್ಲಿ ಕೇಳು". ನಾಲ್ಕು ತಿಂಗಳಿಂದ ಅವಳ ಬಾಯಲ್ಲಿ ಅವನು ತನ್ನ ಹೆಸರು ಕೇಳಿರಲಿಲ್ಲ. ಹೇಳು ನೋಡೋಣ ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ಹೆಸರಿನ ಜೊತೆ ತಾನೂ ಅವಳೊಳಗಿಂದ ಜಾರಿಹೋಗಿದ್ದರೆ? ಅದಕ್ಕೇ ಈ ಪೀಪಾಯಿ ತರಿಸಿದ್ದು. ಪೀಪಾಯಿಗೆ ಹೆಸರು ಬೇಕಿಲ್ಲವಲ್ಲ.

ಕೋಲೂರಿಕೊಂಡು ಯಾರ್ಮಿಲಾ ಬಾಗಿಲಿಗೆ ಬಂದು ನಿಂತಳು. ಪೀಪಾಯಿಯನ್ನು ಕೋಲಿನಿಂದ ತಟ್ಟಿದಳು.

"ಇದ್ಯಾರ್ದು?"

"ನಮ್ದೇ ಅಂದ್ಕೋ. ಈ ಸಲದ ಬಿಯರು ಇದ್ರೊಳಗೆ. ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ರೆ ಯಾರ್ದೂ ಅಲ್ಲ. ಬಾಟ್ಲಿ ತಾ."

"ನಿಂಗ್ಯಾಕೆ ಸುಮ್ನೆ ತ್ರಾಸು ಅಂತ..."

"ಕೈ ಹೋಯ್ತು ಅಂತ ನನ್ನೂ ಕೊಟ್ಟಿಗೆಗೆ ಹಾಕ್ತೀಯಾ? ತಾ ಅಂದ್ರೆ ತಾ!"

"ಅಯ್ಯಪ್ಪ, ನಾನು ಹೊರಟೆ," ಎಂದು ಓಲ್ದಾ ಟೋಪಿ ಎತ್ತಿಕೊಂಡ. "ಗಂಡ ಹೆಂಡ್ತಿ ಮಧ್ಯೆ ಪೀಪಾಯಿ ಒಂದೇ ಸಾಕು."

ಬಾಟಲಿಗಳು ತೊಳೆಸಿಕೊಂಡು ಸಾಲಾಗಿ ನಿಂತವು. ಯಾರ್ಮಿಲಾ ಸ್ಟೂಲಿನ ಮೇಲೆ ಕೂತು, ಸಕ್ಕರೆಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಮೊದಲ ತುಂಡೆತ್ತಿದಳು. ತುಟಿ ಅಲುಗಿತು. ವೆಂಡೆಲಿನ್ ಡ್ರಮ್ಮಿನ ನಲ್ಲಿಯ ಮೇಲೆ ಕೈಯಿಟ್ಟು ಕಾದ.

"ನೀಲಿ ಸೈಕಲ್ಲಿನವಳು. ಕಾಗದ ತರ್ತಾಳಲ್ಲ," ಎಂದಳು. ತುಂಡು ಟಣ್ಣನೆ ತಳಕ್ಕೆ ಬಿತ್ತು.

ಮೊದಲನೆಯದು ಅಂಚೆಯವಳಿಗೆ ಹೋಯಿತು. ಅವನು ತುಂಬಿ, ಪಿಂಗಾಣಿ ಬಿರಡೆಯ ತಂತಿ ಎಳೆದು ಮುಚ್ಚಿದ.

"ಕೆಮ್ಮೋ ಪಾದ್ರಿ," ಎಂದಳು. "ಪೀಪಾಯಿ ಹೊಟ್ಟೆಯವ್ನು, ಈಗ ಓಡಿಹೋದ್ನಲ್ಲ." ಮತ್ತೊಂದು ತುಂಡು ಹಿಡಿದು ನಕ್ಕಳು. "ಸತ್ತುಹೋಯ್ತಲ್ಲ, ಚಪ್ಪಲಿ ಕಚ್ತಿತ್ತು..."

"ನಾಯಿಗೂ ಬಿಯರಾ?"

"ಕದ್ದು ಕುಡಿಸ್ತಿದ್ದೋನು ನೀನೇ."

ಬಿಸಿಲು ಪೀಪಾಯಿಯಿಂದ ಗೋಡೆಗೆ, ಗೋಡೆಯಿಂದ ಅವಳ ಭುಜಕ್ಕೆ ಸರಿಯಿತು. ಇದ್ದವರು, ಇಲ್ಲದವರು, ಊರು ಬಿಟ್ಟವರು, ಎಲ್ಲರೂ ಹೆಸರಿಲ್ಲದೆಯೇ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಬಾಟಲಿಯ ಹಿಂದೆ ನಿಂತ ಹಾಗಿತ್ತು. ಕೆಂಪು ಛತ್ರಿಯ ಅತ್ತೆ. ಮದುವೆಯಲ್ಲಿ ಅಕಾರ್ಡಿಯನ್ ಬಾರಿಸಿದ ಕುಂಟ. ಅಬ್ಬಾ, ಏನು ನೆನಪು ಇವಳದು ಎಂದು ವೆಂಡೆಲಿನ್‌ಗೆ ಅನ್ನಿಸಿತು. ಆದರೆ ಮೂವತ್ತೇಳು ಮುಗಿದರೂ ಅವನು ಅದರಲ್ಲಿರಲಿಲ್ಲ. ನಾಯಿಗೂ ಸಿಕ್ಕ ಜಾಗ ತನಗಿಲ್ಲ. ಮುಖ ಕಾಣದಿರಲೆಂದು ಬಗ್ಗಿ ಡ್ರಮ್ಮನ್ನು ಓರೆಮಾಡಿದ.

ಒಂದು ಬಾಟಲಿ ಉಳಿದಿತ್ತು. ಬಟ್ಟಲಲ್ಲಿ ಒಂದೇ ತುಂಡು.

"ಇದು ಯಾರ್ದು?" ಕೊನೆಗೂ ಕೇಳಿಯೇಬಿಟ್ಟ.

ಯಾರ್ಮಿಲಾ ಅವನನ್ನು ನೋಡಿದಳು. ಕೆಳತುಟಿಯನ್ನು ಹಲ್ಲಿಗೆ ತಾಕಿಸಿದಳು. "ವ್..." ಎಂದು ಗಾಳಿಯಷ್ಟೇ ಬಂತು. ಮತ್ತೆ, "ವ್..." ಕಣ್ಣು ತುಂಬಿತು. ಕೋಪದಿಂದ ತಲೆ ಕೊಡವಿದಳು.

"ಬಿಡು ಮಾರಾಯ್ತಿ, ಬಿಡು. ಹೋಗ್ಲಿ," ಎಂದ ಅವನು.

"ಸುಮ್ನಿರು."

ಅವಳು ಕೈ ಚಾಚಿದಳು. ಬಾಟಲಿಯ ಬಾಯಿ ದಾಟಿತು ಕೈ. ಮೇಲೆ ಬಂದು, ತೆರೆದೇ ಇದ್ದ ಅವನ ತುಟಿಗಳ ನಡುವೆ ಆ ತುಂಡನ್ನಿಟ್ಟಿತು.

ನಲ್ಲಿಯಿಂದ ಉಳಿದ ಬಿಯರು ತೊಟ್ಟು ತೊಟ್ಟಾಗಿ ಖಾಲಿ ಬಾಟಲಿಗೆ ಬೀಳುತ್ತಿತ್ತು. ಸಕ್ಕರೆಯನ್ನು ಅವನು ಕಡಿಯಲಿಲ್ಲ. ಅದು ತಾನಾಗಿ ಕರಗುವವರೆಗೂ ಬಾಯಿ ಮುಚ್ಚಿಕೊಂಡು, ಅವಳ ಬೆರಳು ಹಿಡಿದುಕೊಂಡು ಕೂತಿದ್ದ.