ಮ್ಯಾಚಿನ ದಿನದ ಮೌನ

ಬೆಳಗಾವಿಯ ಶಹಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿರುವ ತವನಪ್ಪ ಮೂವತ್ತೈದು ವರ್ಷ ಮಗ್ಗದ ಸದ್ದಿನ ಮೇಲೆ ಮಾತಾಡಿದವನು. ಅವನ ದನಿಗೆ ಮೈಕು ಬೇಕಿರಲಿಲ್ಲ. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಗೋಲ್‌ಕೀಪರನಿಗೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದ. ಗೋಲ್‌ಕೀಪರ್ ಅಲ್ಲಿಗೆ ಹೋಗಿ ನಿಲ್ಲುತ್ತಲೂ ಇದ್ದ. ಓಣಿಯ ಫುಟ್‌ಬಾಲ್ ತಂಡ ವೀವರ್ಸ್ ಇಲೆವನ್. ಅದರ ಕಮಿಟಿಯಲ್ಲಿದ್ದ ಐವರಲ್ಲಿ ತವನಪ್ಪನೂ ಒಬ್ಬ. ಜೀವಮಾನದಲ್ಲಿ ಒಂದು ಸಲವೂ ಚೆಂಡಿಗೆ ಕಾಲು ತಾಗಿಸಿದವನಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, ಪ್ರಧಾನಮಂತ್ರಿಯನ್ನು ಬೈಯಬೇಕಾದರೆ ಮೊದಲು ಪ್ರಧಾನಮಂತ್ರಿ ಆಗಿರಬೇಕೇನು ಎಂದು ಕೇಳುತ್ತಿದ್ದ.

ಮ್ಯಾಚ್ ಮುಗಿದ ಸಂಜೆ ಕಟ್ಟೆಯ ಮೇಲೆ ಅವನ ದರ್ಬಾರು ನಡೆಯುತ್ತಿತ್ತು. ಮಾತು ಆಟಗಾರರಿಂದ ಶುರುವಾಗಿ, ಕೋಚಿನ ಮೇಲೆ ಹಾದು, ದಿಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಅವನ ಪ್ರಕಾರ ಆಳುವ ಪಕ್ಷದವರು ಒಂದು ಗೋಲು ಹೊಡೆದು, ಚೆಂಡನ್ನು ಮೂಲೆಯ ಬಾವುಟದ ಹತ್ತಿರ ಒಯ್ದು ಹೊತ್ತು ಕಳೆಯುವವರು. ವಿರೋಧ ಪಕ್ಷದಲ್ಲಿ ಹನ್ನೊಂದೂ ಜನ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡೇ ಇಳಿಯುತ್ತಾರೆ, ಪಾಸು ಕೊಡುವವನು ಯಾರು? ದೇಶದ ತಂಡ ಪುಟ್ಟ ಪುಟ್ಟ ದೇಶಗಳಿಗೆ ಸೋತಾಗ ಮಾತ್ರ ಅವನ ದನಿ ಇಳಿಯುತ್ತಿತ್ತು.

"ನೂರಾ ನಲವತ್ತು ಕೋಟಿಯೊಳಗ ಹನ್ನೊಂದು ಮಂದಿ ಸಿಗತಾರ," ಅನ್ನುತ್ತಿದ್ದ. "ಅವರನ್ನ ಆರಿಸೂ ಐದು ಮಂದಿ ಸಿಗೂದಿಲ್ಲ."

ಈ ಮಳೆಗಾಲ ಅವನ ಬಾಯಿಗೆ ಸಿಕ್ಕವನು ಶಿವಲಿಂಗ, ತಂಡದ ಕೋಚ್. ಪಾರಿಶ್ವಾಡದ ಕಡೆಯವನು, ಪೀರನವಾಡಿಯಲ್ಲಿ ಮನೆ ಮಾಡಿಕೊಂಡು ಒಂದು ಸಾಲೆಯಲ್ಲಿ ಆಟ ಕಲಿಸುತ್ತಿದ್ದ. ಮಾತು ಕಡಿಮೆ. ಅವನು ತಂಡದ ಜೀವವಾಗಿದ್ದ ಗೌರೀಶನನ್ನು ಕಾರಣ ಹೇಳದೆ ಮೂರು ಮ್ಯಾಚು ಹೊರಗೆ ಕೂಡಿಸಿದ್ದ. ಗೌರೀಶನಿಗೆ ಇಪ್ಪತ್ತೆರಡು ವರ್ಷ. ಗಾಳಿಯಲ್ಲಿ ಬಂದ ಚೆಂಡನ್ನು ಅವನಷ್ಟು ಎತ್ತರ ಜಿಗಿದು ತಲೆಕೊಟ್ಟು ಹೊಡೆಯುವವರು ಬೆಳಗಾವಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವನನ್ನು ಕೂಡಿಸಿದ ಮೂರೂ ಮ್ಯಾಚು ತಂಡ ಸೋತಿತ್ತು.

ಕಾರಣ ತವನಪ್ಪನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವನು ತಿಳಿದಿದ್ದ. ಲೋಕಸಭೆ ಚುನಾವಣೆಯಲ್ಲಿ ಗೌರೀಶನ ಅಪ್ಪ ಮೈಲಾರಲಿಂಗ ಒಂದು ಪಕ್ಷದ ಬೂತಿನಲ್ಲಿ ಕೂತಿದ್ದ. ಶಿವಲಿಂಗನ ಅಣ್ಣ ಪಾರಿಶ್ವಾಡದಲ್ಲಿ ಇನ್ನೊಂದು ಪಕ್ಷಕ್ಕೆ ಮನೆಮನೆ ತಿರುಗಿದ್ದ. ಅಪ್ಪನ ಮೇಲಿನ ಸಿಟ್ಟನ್ನು ಕೋಚ್ ಮಗನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ. ತವನಪ್ಪ ಇದನ್ನು ಕಟ್ಟೆಯ ಮೇಲೆ ಹೇಳಿದ, ಮೈದಾನದಲ್ಲಿ ಶಿವಲಿಂಗನ ಬೆನ್ನ ಹಿಂದೆಯೇ ನಿಂತು ಹೇಳಿದ. ಶಿವಲಿಂಗ ಒಮ್ಮೆಯೂ ತಿರುಗಿ ನೋಡಲಿಲ್ಲ. ನಾಲ್ಕನೆಯ ಮ್ಯಾಚು ರವಿವಾರ, ಖಾನಾಪುರದಲ್ಲಿ. ಅದು ಮುಗಿದ ಕೂಡಲೇ ಮೈದಾನದಲ್ಲೇ ಕಮಿಟಿ ಕೂಡಿ ಶಿವಲಿಂಗನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದೆಂದು ನಿಶ್ಚಯವಾಯಿತು. ಇಬ್ಬರು ತೆಗೆಯಬೇಕೆನ್ನುವವರು, ಇಬ್ಬರು ಇರಲಿ ಎನ್ನುವವರು. ತಕರಾರು ಮಂಡಿಸುವ ಕೆಲಸ ತವನಪ್ಪನದು. ಅವನು ಮಾತಾಡಿದರೆ ಮುಗಿಯಿತೆಂದು ಎಲ್ಲರಿಗೂ ಗೊತ್ತಿತ್ತು.

ಅವನು ಒಂದು ವಾರ ಮಗ್ಗದ ಮುಂದೆ ನಿಂತು ಭಾಷಣ ತಯಾರಿಸಿದ. ರವಿವಾರ ಬೆಳಗಾಯಿತು. ಸ್ನಾನ ಮಾಡಿ ಬಂದು, ಬಸದಿಗೆ ಹೋಗುವ ಮೊದಲು ಹೆಂಡತಿಗೆ ಏನೋ ಹೇಳಲು ಬಾಯಿ ತೆರೆದ. ಚಂಪಾಬಾಯಿ ಕೈ ಅಡ್ಡ ಹಿಡಿದಳು.

"ಮಾತಾಡಬ್ಯಾಡ್ರಿ. ಇವತ್ತ ನಿಮ್ಮ ಮೌನ."

ಆಗಿದ್ದಿಷ್ಟು. ಜೈನರ ಹತ್ತು ದಿನದ ದಶಲಕ್ಷಣ ಪರ್ವ ಶುರುವಾಗುವ ಮೊದಲು ಬಸದಿಯಲ್ಲಿ ಪಂಡಿತರು, ಒಬ್ಬೊಬ್ಬರೂ ತಮಗೆ ಬಹಳ ಪ್ರೀತಿಯಾದದ್ದನ್ನು ಒಂದು ದಿನ ಬಿಡುವ ನೇಮ ಹಿಡಿಯಿರಿ ಎಂದಿದ್ದರು. ಒಬ್ಬರು ಉಪ್ಪು ಬಿಟ್ಟರು, ಒಬ್ಬರು ಸಕ್ಕರೆ. ತವನಪ್ಪ ಯೋಚಿಸುತ್ತ ಕೂತಿದ್ದಾಗ ಹೆಂಗಸರ ಕಡೆಯಿಂದ ಚಂಪಾಬಾಯಿ, ಇವರು ಮಾತು ಬಿಡುತ್ತಾರೆ ಎಂದುಬಿಟ್ಟಳು. ಎಲ್ಲರೂ ನಕ್ಕರು. ಛಲಕ್ಕೆ ಬಿದ್ದು ಅವನು ಐದನೆಯ ದಿನ, ಸೂರ್ಯೋದಯದಿಂದ ಸೂರ್ಯೋದಯದವರೆಗೆ ಮೌನ ಎಂದು ಒಪ್ಪಿಕೊಂಡ. ಪಂಚಮಿಯಿಂದ ಎಣಿಸಿದರೆ ಐದನೆಯ ದಿನ ಸೋಮವಾರ ಬರುತ್ತಿತ್ತು, ಮ್ಯಾಚಿನ ಮರುದಿನ. ಆದರೆ ಈ ಸಲ ನಡುವೆ ಒಂದು ತಿಥಿ ಲೋಪವಾಗಿತ್ತು. ಹತ್ತು ದಿನ ತುಂಬಲೆಂದು ಬಸದಿಯಲ್ಲಿ ಪರ್ವವನ್ನು ಒಂದು ದಿನ ಮೊದಲೇ, ಚೌತಿಗೇ ಶುರುಮಾಡಿದ್ದರು. ಆ ದಿನ ತವನಪ್ಪ ನೂಲು ತರಲು ಇಚಲಕರಂಜಿಗೆ ಹೋಗಿದ್ದ. ಮರುದಿನ ಪೂಜೆಗೆ ಬಂದವನು ಅದನ್ನೇ ಮೊದಲ ದಿನವೆಂದು ಹಿಡಿದಿದ್ದ.

ಅವನು ಬೆರಳು ಮಡಚಿ ಎಣಿಸಿ ತೋರಿಸಿದ. ಅವಳು ಬಸದಿಯ ಪತ್ರಿಕೆ ತಂದು ಎದುರಿಗೆ ಹಿಡಿದಳು. ಅವನು ಪೆನ್ನಿಗಾಗಿ ಕೈ ಚಾಚಿದ. "ಬರಿಯೂದೂ ಇಲ್ಲ," ಎಂದಳು, "ಬರಿಯಾಕ ಬಿಟ್ಟರ ನೀವು ವಹಿ ತುಂಬಸ್ತೀರಿ." ಕೈ ಎತ್ತುವ ಮಾತನ್ನು ಅವಳು ಎತ್ತಲಿಲ್ಲ. ತವನಪ್ಪ ಅದನ್ನೇ ಹಿಡಿದುಕೊಂಡ. ಭಾಷಣ ಹೋದರೆ ಹೋಯಿತು, ಮತ ಹಾಕಲು ಕೈ ಸಾಕು.

ನೇಮದ ಸುದ್ದಿಯನ್ನು ಯಾರಿಗೂ ತಿಳಿಸಬಾರದೆಂದೂ ನಿಶ್ಚಯಿಸಿದ. ತಿಳಿದರೆ ತಂಡದ ಹುಡುಗರು ವರ್ಷಪೂರ್ತಿ ನಗುತ್ತಾರೆ. ಪರ್ವದಲ್ಲಿ ದಿನಕ್ಕೆ ಒಂದೇ ಊಟ, ಅದನ್ನು ಮನೆಯಲ್ಲಿ ಮುಗಿಸಿ, ಖಾನಾಪುರಕ್ಕೆ ಹೊರಟ ತಂಡದ ಟೆಂಪೋದ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತ. ಓಣಿ ಓಣಿಯ ಗಣಪತಿ ಮಂಟಪಗಳಿಂದ ಮರಾಠಿ ಹಾಡು, ಕನ್ನಡ ಹಾಡು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಪೀರನವಾಡಿಯಲ್ಲಿ ಶಿವಲಿಂಗ ಹತ್ತಿದ. ತವನಪ್ಪನಿಗೆ ನಮಸ್ಕಾರ ಮಾಡಿ, ಉತ್ತರ ಬಾರದಿದ್ದಕ್ಕೆ ಏನೂ ಅನ್ನದೆ ಡ್ರೈವರನ ಬಾಜೂಕ್ಕೆ ಹೋಗಿ ಕೂತ.

ದೇಸೂರು ದಾಟಿದ ಮೇಲೆ ಯಾರೋ ಬಂದು ತನ್ನ ಪಕ್ಕ ಕೂತಂತಾಯಿತು. ಕಣ್ಣು ತೆರೆದರೆ ಗೌರೀಶ.

"ಕಾಕಾ, ಒಂದು ಮಾತು ಹೇಳ್ಲೇನು? ನಡುವ ಬೈಯಬ್ಯಾಡ್ರಿ."

ತವನಪ್ಪ ಸುಮ್ಮನೆ ನೋಡಿದ. ಹುಡುಗ ಬೈಗುಳಕ್ಕಾಗಿ ಸ್ವಲ್ಪ ಹೊತ್ತು ಕಾದ. ಅದು ಬರಲಿಲ್ಲ. ಆಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳತೊಡಗಿದ. ಮಳೆಗಾಲದ ಮೊದಲು ಒಂದು ಮ್ಯಾಚಿನಲ್ಲಿ ಅವನೂ ಎದುರು ತಂಡದ ಒಬ್ಬನೂ ಒಂದೇ ಚೆಂಡಿಗೆ ಜಿಗಿದಿದ್ದರು. ತಲೆಗೆ ತಲೆ ಬಡಿಯಿತು. ಅವನಿಗೇನೂ ಆಗಲಿಲ್ಲ, ಆ ಹುಡುಗ ಬಿದ್ದವನು ಏಳಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿ ಎಚ್ಚರವಿರಲಿಲ್ಲ. ಈಗ ಅವನು ಹುಷಾರಾಗಿದ್ದಾನೆ, ಕೆಲಸಕ್ಕೂ ಹೋಗುತ್ತಾನೆ. ಆದರೆ ಗೌರೀಶನಿಗೆ ಅಂದಿನಿಂದ ಚೆಂಡು ಮೇಲಿಂದ ಬಂದರೆ ಆ ತಲೆಯ ಸದ್ದು ಕೇಳುತ್ತದೆ. ಕಾಲು ನೆಲ ಬಿಡುವುದಿಲ್ಲ.

"ನಾನಽ ಹೋಗಿ ಸರ್‌ಗೆ ಹೇಳೀನ್ರಿ, ನನ್ನ ಆಡಸಬ್ಯಾಡ್ರಿ ಅಂತ. ಯಾರಿಗೂ ಹೇಳಬ್ಯಾಡ್ರಿ ಅಂತನೂ ನಾನಽ ಅಂದೆ. ಅಪ್ಪಗ ಗೊತ್ತಾದರ ಓಣಿ ತುಂಬ ನನ್ನ ಮಗ ಅಂಜುಬುರುಕ ಅಂತ ಒದರತಾನ."

ಅಷ್ಟೇ ಅಲ್ಲ. ಶಿವಲಿಂಗ ದಿನಾ ಬೆಳಿಗ್ಗೆ ಆರಕ್ಕೆ ಅವನನ್ನು ಪೀರನವಾಡಿಯ ಬಯಲಿಗೆ ಕರೆಸಿಕೊಳ್ಳುತ್ತಿದ್ದ. ಮೊದಲು ರಬ್ಬರ್ ಚೆಂಡು, ಆಮೇಲೆ ಗಾಳಿ ಕಡಿಮೆ ಇರುವ ಚೆಂಡು, ಆಮೇಲೆ ಖರೇ ಚೆಂಡು. ಒಂದೊಂದಾಗಿ ಎಸೆಯುತ್ತಿದ್ದ, ನೂರು ಸಲ, ನೂರೈವತ್ತು ಸಲ. ಜಿಗಿಯದಿದ್ದರೆ ಏನೂ ಅನ್ನುತ್ತಿರಲಿಲ್ಲ, ಮತ್ತೊಂದು ಎಸೆಯುತ್ತಿದ್ದ.

"ನೀವು ಅವರ ಹಿಂದ ನಿಂತು ಬೈಯೂವಾಗ ನಾನು ಬೆಂಚಿನ ಮ್ಯಾಲಿರ್ತೀನ್ರಿ, ಕಾಕಾ. ಎಲ್ಲಾ ಕೇಳಸ್ತಿರ್ತದ."

ಹೇಳಿ ಮುಗಿಸಿ ಹುಡುಗ ಎದ್ದು ಹೋದ. ತವನಪ್ಪನ ಬಾಯಲ್ಲಿ ಎಷ್ಟೋ ಮಾತು ಬಂದು ನಿಂತವು. ಮೊದಲನೆಯದು, ಮೊದಲೇ ಯಾಕೆ ಹೇಳಲಿಲ್ಲ ಎನ್ನುವುದು. ಅದಕ್ಕೆ ಉತ್ತರವೂ ಅವನಿಗೆ ಒಳಗೇ ಹೊಳೆಯಿತು: ಯಾವಾಗ ಹೇಳಬೇಕಿತ್ತು? ತಾನು ಮಾತು ನಿಲ್ಲಿಸಿದ್ದು ಯಾವಾಗ?

ಖಾನಾಪುರದ ಮೈದಾನ ಕೆಸರು ಕೆಸರಾಗಿತ್ತು. ತವನಪ್ಪ ತನ್ನ ಜಾಗ ಬಿಟ್ಟು ಗೋಲಿನ ಹಿಂದೆ ಒಬ್ಬನೇ ನಿಂತ. ಮೊದಲ ಅರ್ಧದಲ್ಲೇ ಖಾನಾಪುರದವರು ಒಂದು ಗೋಲು ಹೊಡೆದರು. ಗೋಲ್‌ಕೀಪರ್ ಎರಡು ಸಲ ತಿರುಗಿ ತವನಪ್ಪನನ್ನು ನೋಡಿದ. ಏನೂ ಕೇಳಿಸದೆ ಅವನಿಗೂ ದಿಕ್ಕು ತಪ್ಪಿದಂತಾಗಿತ್ತು. ಅರ್ಧದ ನಂತರ ತಂಡಗಳು ಬದಿ ಬದಲಿಸಿ, ತವನಪ್ಪನ ಎದುರು ಖಾನಾಪುರದವರ ಗೋಲು ಬಂತು. ಹತ್ತು ನಿಮಿಷ ಉಳಿದಿರುವಾಗ ಶಿವಲಿಂಗ ಗೌರೀಶನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ಒಳಗೆ ಬಿಟ್ಟ. ಜನ, ಈಗ ಬಿಟ್ಟು ಏನು ಉಪಯೋಗ ಎಂದು ಕೂಗಿದರು. ಹೋದ ವಾರವಾಗಿದ್ದರೆ ಅದನ್ನು ಕೂಗುವವನು ತವನಪ್ಪನೇ.

ಬಲಗಡೆಯಿಂದ ಒಂದು ಚೆಂಡು ಎತ್ತರಕ್ಕೆ ಬಂತು. ಅದರ ಕೆಳಗೆ ಗೌರೀಶ, ಅವನ ಪಕ್ಕ ಖಾನಾಪುರದ ದಪ್ಪ ಡಿಫೆಂಡರ್. ಗೌರೀಶನ ಕಾಲು ಕೆಸರಿನಿಂದ ಕಿತ್ತುಕೊಂಡು ಮೇಲೆ ಎದ್ದಿತು. ತಲೆ ಚೆಂಡಿಗೆ ತಾಗಿತು. ಚೆಂಡು ಗೋಲಿನ ಅಡ್ಡಪಟ್ಟಿಗಿಂತ ಮೂರು ಮೊಳ ಮೇಲಿನಿಂದ ಹಾದುಹೋಗಿ ತವನಪ್ಪನ ಹಿಂದಿನ ಗುಂಡಿಯಲ್ಲಿ ಬಿತ್ತು.

ಶಿವಲಿಂಗ ಎರಡೂ ಕೈ ಮೇಲೆತ್ತಿ ಕುಣಿದ. ತಪ್ಪಿದ ಚೆಂಡಿಗೆ ಕುಣಿಯುವ ಕೋಚನ್ನು ನೋಡಿ ಜನ ಸಿಳ್ಳೆ ಹೊಡೆದರು. ಗೋಲಿನ ಹಿಂದೆ ತವನಪ್ಪ ಚೆಂಡನ್ನು ಗುಂಡಿಯಿಂದ ಎತ್ತಿ, ಧೋತರದ ಅಂಚಿನಿಂದ ಒರೆಸಿ, ಎದೆಗೆ ಅವುಚಿಕೊಂಡು ನಿಂತಿದ್ದ. ರೆಫರಿ ಎರಡು ಸಲ ಸೀಟಿ ಊದಿ ಕೇಳಿದ ಮೇಲೆ ಕೊಟ್ಟ. ತಂಡ ಒಂದು ಗೋಲಿನಿಂದ ಸೋತಿತು.

ಕಮಿಟಿ ಮೈದಾನದ ಮೆಟ್ಟಿಲ ಮೇಲೆ ಕೂಡಿತು. ಚಹಾ ಬಂತು. ಪರ್ವದಲ್ಲಿ ತವನಪ್ಪ ಹೊರಗೆ ಏನೂ ಮುಟ್ಟುವುದಿಲ್ಲವೆಂದು ಗೊತ್ತಿದ್ದರಿಂದ ಅವನನ್ನು ಯಾರೂ ಕೇಳಲಿಲ್ಲ. ಅಧ್ಯಕ್ಷ ಗುರುಪುತ್ರಪ್ಪ ಮಾಸ್ತರರು ನಿವೃತ್ತರಾದರೂ ಇನ್ನೂ ಹಾಜರಿ ಕರೆಯುವ ದನಿಯವರು. ನಾಲ್ಕು ಸೋಲುಗಳನ್ನು ಹೇಳಿ, ಗೌರೀಶನ ವಿಷಯ ಹೇಳಿ, ಇನ್ನು ತವನಪ್ಪನವರು ಮಾತಾಡಲಿ ಎಂದರು. ತುಸು ದೂರದಲ್ಲಿ ಶಿವಲಿಂಗ ಹುಡುಗರ ಬೂಟುಗಳನ್ನು ಚೀಲಕ್ಕೆ ತುಂಬುತ್ತಿದ್ದ.

ತವನಪ್ಪ ಸುಮ್ಮನಿದ್ದ. ಎಲ್ಲರೂ ಅವನನ್ನೇ ನೋಡಿದರು. ತೆಗೆಯಬೇಕೆನ್ನುವ ಇಬ್ಬರು ಕಣ್ಸನ್ನೆ ಮಾಡಿದರು, ಒಬ್ಬ ಮೊಳಕೈಯಿಂದ ತಿವಿದ. ತವನಪ್ಪ ಎದುರಿನ ಕೆಸರು ನೋಡುತ್ತ ಕೂತ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ತವನಪ್ಪನ ಮೌನವನ್ನು ಮೂವತ್ತು ವರ್ಷದಲ್ಲಿ ಮೊದಲ ಸಲ ಕಾಣುತ್ತಿದ್ದರು.

"ದಿಲ್ಲಿ ಸರ್ಕಾರದ ಮ್ಯಾಲೆ ದಿನಾ ತಕರಾರು ಇರೂ ಮನಷ್ಯಾ," ಎಂದರು ಕೊನೆಗೆ, "ಶಿವಲಿಂಗನ ಮ್ಯಾಲೆ ಒಂದೂ ತಕರಾರು ಇಲ್ಲ ಅಂದಮ್ಯಾಲೆ, ಮತ್ತ ನಮ್ಮದೇನ್ರಿ?"

ಆದರೂ ಪದ್ಧತಿಯಂತೆ ಕೈ ಎತ್ತಿಸಿದರು. ತೆಗೆಯಬೇಕೆನ್ನುವವರು ಎತ್ತಿರಿ. ಎರಡು ಕೈ ಎದ್ದವು. ತವನಪ್ಪನ ಬಲಗೈಗೆ ಹಿಂದೆ ಮುಂದೆ ನೋಡದೆ ಏಳುವ ಹಳೆಯ ಚಟವಿತ್ತು. ಅವನು ಅದನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತ. ಮಾಸ್ತರರು ಎರಡು ಎಂದು ಎಣಿಸಿ, ಶಿವಲಿಂಗ ಇರುತ್ತಾನೆ ಎಂದು ಹೇಳಿ ಎದ್ದರು. ತೊಡೆಯ ಕೆಳಗಿಂದ ತೆಗೆದಾಗ ಕೈ ಜೋಮು ಹಿಡಿದಿತ್ತು. ಎದೆ ಮಾತ್ರ ಹಗುರಾಗಿತ್ತು. ದಾರಿಯುದ್ದಕ್ಕೂ ಅವನಿಗೆ ಒಳ್ಳೆಯ ನಿದ್ದೆ ಬಂತು.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಅವನು ಸ್ಕೂಟರ್ ಮೇಲೆ ಪೀರನವಾಡಿ ಸೇರಿದ್ದ. ಬಯಲಿನಲ್ಲಿ ಇಬ್ಬರೇ. ಶಿವಲಿಂಗ ಎಸೆಯುತ್ತಿದ್ದ, ಗೌರೀಶ ಜಿಗಿಯುತ್ತಿದ್ದ. ತವನಪ್ಪ ಗಡಿಯಾರ ನೋಡಿದ, ಮೂಡಣ ನೋಡಿದ, ಇನ್ನೂ ಐದು ನಿಮಿಷ ಹೆಚ್ಚೇ ಇರಲೆಂದು ಕಾದ. ಕ್ಷಮೆ ಕೇಳಲು ಬಂದವನ ಬಾಯಿಂದ ಮೊದಲು ಬಂದ ಮಾತು ಬೇರೆಯೇ.

"ಕಣ್ಣ ಮುಚ್ಚಬ್ಯಾಡೋ ಗೌರ್ಯಾ, ಚೆಂಡ ನೋಡು!"

ಇಬ್ಬರೂ ಬೆಚ್ಚಿ ತಿರುಗಿದರು. ಶಿವಲಿಂಗ ಚೆಂಡು ಹಿಡಿದುಕೊಂಡೇ ಹತ್ತಿರ ಬಂದ. ನಿನ್ನೆ ನೀವು ಬಾಯಿ ಬಿಟ್ಟಿದ್ದರೆ ನನ್ನ ಕಥೆ ಮುಗಿಯುತ್ತಿತ್ತು, ಬಹಳ ಉಪಕಾರವಾಯಿತು ಎಂದ. ತವನಪ್ಪನಿಗೆ ಆ ಉಪಕಾರ ಹೊರಲಾಗಲಿಲ್ಲ.

"ಅದು ಉಪಕಾರ ಅಲ್ಲೋ, ನೇಮ. ಲೆಕ್ಕ ತಪ್ಪಿ ನಿನ್ನೇನೇ ಬಂತು. ಇಲ್ಲಂದ್ರ ನಿನ್ನ ಹುಗದು ಬರ್ತಿದ್ದೆ. ತಪ್ಪಾತು ನಂದು."

ಶಿವಲಿಂಗ ಸ್ವಲ್ಪ ಹೊತ್ತು ಚೆಂಡಿನ ಕೆಸರು ಕೆರೆದ. "ಕೈ ಎತ್ತಬಾರದು ಅಂತ ನೇಮ ಇತ್ತೇನ್ರಿ?"

"ಇಲ್ಲ."

"ಹಂಗಾರ ಸಾಕ್ರಿ." ಚೆಂಡನ್ನು ಅವನ ಕೈಗೆ ಕೊಟ್ಟ. "ನನ್ನ ಹೆಗಲು ನೋಯಾಕ್ಹತ್ತೇತಿ. ನೀವು ಒಂದೀಟು ಒಗೀರಿ."

ತವನಪ್ಪ ಒಗೆದ. ಮೊದಲ ಚೆಂಡು ಗೌರೀಶನವರೆಗೂ ಹೋಗಲಿಲ್ಲ, ಎರಡನೆಯದು ಅವನ ತಲೆಯ ಮೇಲಿನಿಂದ ಹೋಯಿತು. ಹುಡುಗ ನಗುತ್ತ ಹಿಂದಕ್ಕೆ ಓಡಿ ತಂದುಕೊಟ್ಟ. ಹತ್ತನೆಯದಕ್ಕೆ ಕೈ ಕೂತಿತು. ಹದಿನೈದನೆಯದಕ್ಕೆ ಬಾಯಿಯೂ ಕೂತಿತು. ಚೆಂಡು ಒಗೆಯುತ್ತಲೇ ದಿಲ್ಲಿಯ ವಿಷಯ ತೆಗೆದ. ಮೂಲೆಯ ಬಾವುಟ, ಹನ್ನೊಂದು ಕ್ಯಾಪ್ಟನ್ನರು, ಎಲ್ಲ ಬಂದವು.

ಶಿವಲಿಂಗ ಹೆಗಲು ತಿಕ್ಕಿಕೊಳ್ಳುತ್ತ ಕೇಳಿದ. ಆಮೇಲೆ, ಎಲ್ಲ ಖರೇ, ಆದರೆ ಮೂಲೆಗೆ ಚೆಂಡು ಒಯ್ಯುವವನನ್ನು ಬೈಯುವ ಮೊದಲು ಅವನ ಕಾಲಿಂದ ಚೆಂಡು ಕಸಿಯಲು ಬಾರದವರನ್ನು ಬೈಯಬೇಕಲ್ಲ, ನಮ್ಮ ಅಣ್ಣನ ಪಕ್ಷದವರನ್ನೇ ಮೊದಲು ಬೈಯಿರಿ ಎಂದ. ತವನಪ್ಪ ಚೆಂಡು ಹಿಡಿದವನು ಹಾಗೆಯೇ ನಿಂತ. ಇಡೀ ಮಳೆಗಾಲ ತನ್ನ ಒಂದು ಮಾತಿಗೂ ತಿರುಗಿ ನೋಡದಿದ್ದವನು ಈಗ ಎದುರಿಗೆ ನಿಂತು ವಾದಿಸುತ್ತಿದ್ದ.

"ಅದು ಹಂಗಲ್ಲೋ ಶಿವಲಿಂಗಾ," ಎಂದು ಅವನು ಬಹಳ ಸಂತೋಷದಿಂದ ಶುರುಮಾಡಿದ. ಆಚೆ ಗೌರೀಶ ಸೊಂಟದ ಮೇಲೆ ಕೈಯಿಟ್ಟುಕೊಂಡು ಚೆಂಡಿಗಾಗಿ ಕಾಯುತ್ತ ನಿಂತಿದ್ದ.